ರಜೆಯಲ್ಲಿ ಉಳಿದವರು

ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಮೇ ನಡುವಿನಿಂದ ಆಗಸ್ಟ್‌ವರೆಗೆ ಬಿಕೋ ಎನ್ನುತ್ತವೆ. ಅಲ್ಲಿನ ಮಕ್ಕಳು ಮನೆಗೆ ಹೋಗುತ್ತಾರೆ; ವಿಮಾನದ ದರಕ್ಕೆ ಹೆದರಿದ ನಮ್ಮ ಕಂದಿಕೆರೆ ಕಡೆಯ ಹುಡುಗರು ಉಳಿಯುತ್ತಾರೆ. ಪಾಠವಿದ್ದಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಯಷ್ಟೇ ಕೆಲಸ. ರಜೆಯಲ್ಲಿ ಪೂರ್ತಿ ದುಡಿಯಬಹುದು. ಅಪ್ಪನಿಗೆ ಫೋನಿನಲ್ಲಿ ಹೇಳುವ ನೆಪ ಮಾತ್ರ ಓದು!

ಹಾಗೆ ಉಳಿದವರಿಗೆ ಅರಿಜೋನಾದ ಟೆಂಪಿಯಲ್ಲಂತೂ ಬಿಸಿಲೇ ಯಜಮಾನ. ಪಕ್ಕದ ಫೀನಿಕ್ಸ್‌ನಲ್ಲಿ 2023ರಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಟೆಂಪಿಯ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಸಾಲುಮರ ನೆಟ್ಟ ಹಾದಿಯೊಂದಿದೆ, ಪಾಮ್ ವಾಕ್. ದೂರಕ್ಕೆ ಥೇಟ್ ತಿಪಟೂರು ಸೀಮೆಯ ತೆಂಗಿನ ತೋಟ. ಹತ್ತಿರ ಹೋದರೆ ತೆಂಗಿನಕಾಯಿಯಿಲ್ಲ, ಬುಡದಲ್ಲಿ ಪಾತಿಯಿಲ್ಲ. ಹಳೆಯ ಮರಗಳ ನೆರಳು ಸಾಲದೆಂದು ಈಚೆಗೆ ಖರ್ಜೂರ ನೆಟ್ಟಿದ್ದಾರೆ. ಅಲ್ಲಿ ಉಳಿದ ನಮ್ಮ ಹುಡುಗನೊಬ್ಬ ಊರಿಗೆ ಫೋಟೊ ಕಳಿಸಿದಾಗ, ಬೋರ್‌ವೆಲ್ ಬತ್ತಿದ ತೋಟದಲ್ಲಿ ನಿಂತ ಅಜ್ಜಿ ಕೇಳಿದ್ದು ಇಷ್ಟೇ: “ಅಷ್ಟಕ್ಕೂ ನೀರು ಎಲ್ಲಿಂದ ಬಿಡ್ತಾರಪ್ಪಾ?”