ಮುಳಾ ಕಣಿವೆಯ ಕಚ್ಚಾ ರಸ್ತೆ

ಗ್ರಾವೆಲ್ ಬೈಕ್ ತಗೊಂಡಿದ್ದೀರಾ? ಪೌಡ್ ದಾಟಿ ಮುಳಶಿಗೆ ಹೋಗಿ. ತಾಮ್ಹಿಣಿ ಘಾಟಿನ ಡಾಂಬರು ರಸ್ತೇಲಿ ವಾರಾಂತ್ಯ ಕಾರುಗಳದ್ದೇ ಕಾರುಬಾರು. ನಾನಂತೂ ಹಿನ್ನೀರಿನ ಹಳ್ಳಿಗಳ ಕಚ್ಚಾ ರಸ್ತೆಗೆ ಇಳೀತೀನಿ. 40 ಮಿ.ಮೀ. ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ಜಲ್ಲಿ ಮೇಲೆ ಹಿಡಿತ ಸಿಗುತ್ತೆ. ಮಳೆಗಾಲ ಮುಗಿದ ಮೇಲೆ ಹೋಗಿ, ಕೆಸರಿರಲ್ಲ.

ಈ ನೀರಿನಡಿ ಊರುಗಳು ಮುಳುಗಿವೆ. 1921ರಲ್ಲಿ ಸೇನಾಪತಿ ಬಾಪಟ್ ಜೊತೆ ರೈತರು ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಮಾಡಿದ್ದು ಇಲ್ಲೇ. ಕಟ್ಟೆಯ ನೀರು ವಿದ್ಯುತ್ತಿಗಾಗಿ ಪಶ್ಚಿಮಕ್ಕೆ, ಭಿರಾಕ್ಕೆ ಇಳಿಯುತ್ತೆ. ಕೆಳಗಿನ ಮುಳಾ ಮಾತ್ರ ಪುಣೆ ದಾಟಿ ಭೀಮೆಗೆ ಸೇರಿ, ನಮ್ಮ ವಿಜಯಪುರ, ಕಲಬುರಗಿ ಕಡೆ ಬರುತ್ತೆ.

ಒಮ್ಮೆ ನೆಲ ಕಳಕೊಂಡ ಜನರ ಸೀಮೆ ಇದು. ದಾರಿ ಹೊಲದ ಬದುವಿಗೆ ತಿರುಗಿದರೆ ಇಳಿದು, ಊರವರನ್ನ ಕೇಳಿ ಮುಂದೆ ಹೋಗಿ.