ಬಾಗಿಲಲ್ಲೇ ಕೈ ತೊಳೆಯಿರಿ



ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದ ಮನೆಯೊಂದರಲ್ಲಿ ದಿನ ತುಂಬುವ ಮೊದಲೇ ಕೂಸು ಹುಟ್ಟಿತೆಂದು ಇಟ್ಟುಕೊಳ್ಳಿ. ತೂಕ ಒಂದೂವರೆ ಕಿಲೋ. ಕೂಡಲೇ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ತರುತ್ತಾರೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನರ್ಸ್ ಅಜ್ಜಿಯನ್ನು ತಡೆಯುತ್ತಾರೆ. "ನಮ್ಮ ಕೂಸಿಗಿ ನಾವೇ ನೋಡಬಾರ್ದೇನವ್ವಾ?" ಎಂಬುದು ಅಜ್ಜಿಯ ಪ್ರಶ್ನೆ. ಇದಕ್ಕೆ ವಿಜ್ಞಾನ ಕೊಡುವ ಉತ್ತರವೇನು?

ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಮಗುವಿಗೆ ಹೆಚ್ಚಾಗಿ ದಾಟಿ ಬರುವುದು ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ. ಬೇಗ ಹುಟ್ಟಿದ ಕೂಸಿಗೆ ಈ ಬುತ್ತಿ ಪೂರ್ತಿ ಸಿಕ್ಕಿರುವುದಿಲ್ಲ. ಚರ್ಮವೂ ತೆಳು. ಮೇಲಾಗಿ ಉಸಿರಾಟಕ್ಕೊಂದು ನಳಿಕೆ, ಹಾಲಿಗೊಂದು ನಳಿಕೆ, ಸಲೈನಿಗೊಂದು ಸೂಜಿ. ಜೀವ ಉಳಿಸುವ ಇವೇ ರೋಗಾಣುಗಳಿಗೂ ದಾರಿಯಾಗುತ್ತವೆ.

ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಗಳು ಆಸ್ಪತ್ರೆಯ ಸಿಂಕು, ನಳಿಕೆ, ಮಂಚಗಳಲ್ಲಿ ನೆಲೆಯೂರಬಲ್ಲವು. ಒಂದು ಕೂಸಿನಿಂದ ಇನ್ನೊಂದಕ್ಕೆ ಅವನ್ನು ಹೆಚ್ಚಾಗಿ ಒಯ್ಯುವುದು ಮನುಷ್ಯರ ಕೈ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ, ಸೋಂಕು ತಗುಲಿದ ನವಜಾತ ಶಿಶುಗಳಲ್ಲಿ ಸಿಕ್ಕ ಅಸಿನೆಟೊಬ್ಯಾಕ್ಟರ್ ಮಾದರಿಗಳ ಪೈಕಿ ನೂರಕ್ಕೆ 82ರಷ್ಟು, ಹಲವು ಬಗೆಯ ಆಂಟಿಬಯಾಟಿಕ್‌ಗಳಿಗೆ ಬಗ್ಗದಂಥವು. ಮದ್ದು ಸೋತಲ್ಲಿ ಸೋಂಕು ತಡೆಯುವುದೇ ಉಳಿದ ದಾರಿ.

ರೋಗಾಣುಗಳ ಸಿದ್ಧಾಂತ ಇನ್ನೂ ನೆಲೆಗೊಳ್ಳದ ಕಾಲದಲ್ಲೇ, 1847ರಲ್ಲಿ, ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ ಇದನ್ನು ತೋರಿಸಿಕೊಟ್ಟರು. ಶವಪರೀಕ್ಷೆ ಮುಗಿಸಿ ಹೆರಿಗೆ ವಾರ್ಡಿಗೆ ಬರುವ ವೈದ್ಯರು ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯಬೇಕೆಂದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಆಗಸ್ಟ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು.

ಇಂದಿನ ನಿಯಮವೂ ಸರಳ. ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟು ಸೋಪಿನಿಂದ 40ರಿಂದ 60 ಸೆಕೆಂಡು ಕೈ ತೊಳೆಯಬೇಕು. ಪ್ರತಿ ಕೂಸನ್ನು ಮುಟ್ಟುವ ಮುನ್ನ, ಮುಟ್ಟಿದ ನಂತರ ಕೈ ಶುದ್ಧಮಾಡಬೇಕು. ಕ್ಯಾಮೆರಾ ಹಿಡಿದು ಬರುವ ನಮ್ಮಂಥವರಿಗೂ ವಿನಾಯಿತಿಯಿಲ್ಲ. ಆದರೆ ನಲ್ಲಿಯಲ್ಲಿ ನೀರಿಲ್ಲದಿದ್ದರೆ, ಒಬ್ಬ ನರ್ಸ್ ಹತ್ತಾರು ಕೂಸುಗಳನ್ನು ನೋಡಬೇಕಾದರೆ, ಈ ನಿಯಮ ಗೋಡೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ. ನೀರು, ಸಾಕಷ್ಟು ಸಿಬ್ಬಂದಿ ಇವೂ ಔಷಧವೇ.

ತಾಯಿ ಮಾತ್ರ ಇಲ್ಲಿ ಹೊರಗಿನವಳಲ್ಲ. ಅವಳ ಎದೆಹಾಲು ಸೋಂಕಿನ ವಿರುದ್ಧ ಕೂಸಿಗೆ ಕಾವಲು. ಶುದ್ಧವಾಗಿ ಬಂದು ಕೂಸನ್ನು ಎದೆಗೊತ್ತಿಕೊಳ್ಳುವ ಕಾಂಗರೂ ಆರೈಕೆ ಅದಕ್ಕೆ ಬಿಸುಪು ಕೊಡುತ್ತದೆ, ಸೋಂಕನ್ನೂ ಕಡಿಮೆ ಮಾಡುತ್ತದೆ.

ನೀವೇನು ಮಾಡಬಹುದು? ನೆಗಡಿಯಿದ್ದಾಗ ಕೂಸು ನೋಡಲು ಹೋಗಬೇಡಿ. ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ನುಂಗಬೇಡಿ. ಬೇಡದೆ ಬಳಸಿದಷ್ಟೂ ಮದ್ದಿಗೆ ಬಗ್ಗದ ರೋಗಾಣುಗಳೇ ಉಳಿದು ಬೆಳೆಯುತ್ತವೆ. ಬಾಗಿಲಲ್ಲಿ ತಡೆದರೆ ಬೇಸರಿಸದೆ, ಕಾರಣವನ್ನು ಮನೆಯ ಹಿರಿಯರಿಗೆ ತಿಳಿಸಿ ಹೇಳಿ. ಓದಿದವರಿಂದ ಮನೆಗೆ ಆಗಬೇಕಾದ ಉಪಕಾರ ಇದು.