ಡಿಸ್ಲೆಕ್ಸಿಯಾ ಇರೋ ಮಗುವಿಗೆ ಹತ್ತನೇ ಕ್ಲಾಸಿನವರೆಗೆ ಎಷ್ಟು ದಾರಿ?

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನನ್ನ ಮಗಳಿಗೆ ಡಿಸ್ಲೆಕ್ಸಿಯಾ ಇದೆ, ಈಗ ಆರನೇ ಕ್ಲಾಸು. ಕಥೆ ಕೇಳಿದರೆ ಒಂದೂ ಬಿಡದೆ ತಿರುಗಿ ಹೇಳ್ತಾಳೆ. ಅದೇ ಕಥೆ ಓದು ಅಂದ್ರೆ ಒಂದು ಪುಟಕ್ಕೆ ಅರ್ಧ ಗಂಟೆ.

ವಿಷಯ ಗೊತ್ತಾದ ಕೂಡಲೇ ಜನ ಕೇಳೋದು, "ಮಾಮೂಲಿ ಶಾಲೆನಾ, ಸ್ಪೆಷಲ್ ಶಾಲೆನಾ?" ಅಂತ. ಆದರೆ ಆಯ್ಕೆ ಇರೋದು ಎರಡೇ ಅಲ್ಲ.

ಈಗಿರೋ ಶಾಲೆಯಲ್ಲೇ ಮುಂದುವರಿಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೊಡ್ತಾರೆ. ಅಂದ್ರೆ 3 ಗಂಟೆಯ ಪೇಪರಿಗೆ 4 ಗಂಟೆ. ಬರೆದುಕೊಡೋಕೆ ಸಹಾಯಕರನ್ನೂ ಕೇಳಬಹುದು.

ಅದೂ ಭಾರ ಆದ್ರೆ ಎನ್‌ಐಒಎಸ್ ಇದೆ, ಕೇಂದ್ರ ಸರ್ಕಾರದ ಮುಕ್ತ ಶಾಲೆ. 14 ತುಂಬಿದವರು ಹತ್ತನೇ ಕ್ಲಾಸಿಗೆ ಸೇರಬಹುದು. ಐದು ವಿಷಯ ಸಾಕು, ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು. ಗಣಿತ ಕಡ್ಡಾಯ ಅಲ್ಲ. ಭಾಷೆಯಾಗಿ ಕನ್ನಡವನ್ನೇ ತಗೋಬಹುದು. ಆದರೆ ಗಣಿತ ಬಿಡೋ ಮುಂಚೆ, ಮುಂದೆ ಏನು ಓದಬೇಕು ಅಂತ ಮಗುವನ್ನೇ ಕೂರಿಸಿಕೊಂಡು ಮಾತಾಡಿ.

ಯಾವ ದಾರಿ ಹಿಡಿದರೂ ಸೌಲಭ್ಯ ಬೇಕಂದ್ರೆ ಕಾಗದ ಬೇಕು. ಖಾಸಗಿ ಸೈಕಾಲಜಿಸ್ಟ್ ರಿಪೋರ್ಟ್ ಪಾಠಕ್ಕೆ ಉಪಯೋಗ. ಬೋರ್ಡಿಗೆ ಸರ್ಕಾರ ಒಪ್ಪಿದ ಆಸ್ಪತ್ರೆಯ ಸರ್ಟಿಫಿಕೇಟೇ ಆಗಬೇಕು. ನಾವು ಇವತ್ತು ಪುಣೆ, ನಾಳೆ ಹೈದರಾಬಾದ್ ಅನ್ನೋ ಜನ. ಯುಡಿಐಡಿ ಕಾರ್ಡ್ ಮಾಡಿಸಿ, ದೇಶದಲ್ಲೆಲ್ಲಾ ನಡೆಯುತ್ತೆ. ಒಂಬತ್ತನೇ ಕ್ಲಾಸಿನವರೆಗೆ ಕಾಯಬೇಡಿ.

ಇನ್ನೊಂದು ಮಾತು. "ಮನೆಯಲ್ಲಿ ಕನ್ನಡ ನಿಲ್ಲಿಸಿ, ಮಗು ಗೊಂದಲ ಮಾಡ್ಕೋತಿದೆ" ಅಂತ ನಮಗೂ ಒಬ್ಬರು ಟೀಚರ್ ಹೇಳಿದ್ರು. ಎರಡು ಭಾಷೆ ಆಡೋದರಿಂದ ಡಿಸ್ಲೆಕ್ಸಿಯಾ ಬರೋದಿಲ್ಲ, ಒಂದು ಬಿಟ್ಟರೆ ಹೋಗೋದೂ ಇಲ್ಲ. ನಾವು ನಿಲ್ಲಿಸಲಿಲ್ಲ. ಇಡೀ ದಿನ ಶಾಲೆಯಲ್ಲಿ ಹಿಂದೆ ಬೀಳೋ ಹುಡುಗಿ, ರಾತ್ರಿ ಧಾರವಾಡದ ಅಜ್ಜಿ ಜೊತೆ ಫೋನಲ್ಲಿ ತಡವರಿಸದೆ ಹರಟ್ತಾಳೆ. ತನಗೂ ಬುದ್ಧಿ ಇದೆ ಅನ್ನೋದು ಅವಳಿಗೆ ಗೊತ್ತಾಗೋದು ಅಲ್ಲೇ. ಸಹಾಯ ಮಾಡ್ತೀವಿ ಅಂತ ಹೋಗಿ ಅದನ್ನ ಕಿತ್ತುಕೋಬೇಡಿ.

ಮಗುವಿನ ಶಾಲೆಗೆ ಈ ವಾರವೇ ಒಂದು ಇಮೇಲ್ ಹಾಕಿ, ಏನೇನು ಸೌಲಭ್ಯ ಕೊಡ್ತೀರಿ ಅಂತ ಕೇಳಿ. ಉತ್ತರ ಬರವಣಿಗೆಯಲ್ಲೇ ಇರಲಿ.